ಅದು ನಾಟಕವಲ್ಲ

ನಮ್ಮ ಕ್ಯಾಸನೂರಿನ ಹೆಸರು ವೈದ್ಯಗ್ರಂಥಗಳಲ್ಲಿ ಸೇರಿರುವ ಸಂಗತಿ ನಿಮಗೆಲ್ಲ ತಿಳಿದದ್ದೇ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದರ ವೈರಸ್ಸನ್ನು ಪತ್ತೆಹಚ್ಚಿದರು. ಉಣುಗು ಅದನ್ನು ಹರಡುತ್ತದೆಂದು ತಿಳಿಯಿತು. ಇಂಥ ಊರಿನವನಾದ ನನಗೆ ಕಾಯಿಲೆಯೆಂದರೆ ರಕ್ತಪರೀಕ್ಷೆಯಲ್ಲಿ ಕಾಣಲೇಬೇಕು. ಕಾಣದಿದ್ದರೆ ಅದು ಸುಳ್ಳು. ವಿಜ್ಞಾನ ಕಲಿಸುತ್ತಿದ್ದವನ ನಂಬಿಕೆ ಇದು!

ನಾನು ಕೆಲಸ ಮಾಡಿದ ಒಂದು ಪ್ರೌಢಶಾಲೆಯಲ್ಲಿ ಎಸ್‌.ಎಸ್‌.ಎಲ್‌.ಸಿ. ಪೂರ್ವಸಿದ್ಧತಾ ಪರೀಕ್ಷೆಯ ವಾರ, ಬೆಳಗಿನ ಪ್ರಾರ್ಥನೆಯ ವೇಳೆ ಒಬ್ಬ ಹುಡುಗಿ ಕುಸಿದಳು. ಮಧ್ಯಾಹ್ನದ ಹೊತ್ತಿಗೆ ಎಂಟು ಮಂದಿ. ಮೇಲುಸಿರು, ಸೆಟೆದ ಕೈಬೆರಳುಗಳು. ಊರಿನವರು ಹಿತ್ತಿಲ ಹುಣಸೆಮರದತ್ತ ಬೆರಳು ತೋರಿಸಿದರು. ವೈದ್ಯರು ನೋಡಿ “ಏನೂ ಇಲ್ಲ” ಎಂದರು. ಮರುದಿನ ನಾನು ತರಗತಿಯ ಎದುರಿಗೇ ಮೊದಲು ಬಿದ್ದವಳಿಗೆ “ಪರೀಕ್ಷೆ ತಪ್ಪಿಸುವ ನಾಟಕ ಸಾಕು” ಎಂದೆ. ಆಕೆ ಮತ್ತೆ ಶಾಲೆಗೆ ಬರಲಿಲ್ಲ.

ಎಷ್ಟೋ ವರ್ಷಗಳ ಅನಂತರ ಕಶಾಶಾ ಎಂಬ ಊರಿನ ವೃತ್ತಾಂತವನ್ನು ಓದಿದೆ. ಆಗ ಟಾಂಗಾನಿಕಾ ಎನಿಸಿಕೊಂಡಿದ್ದ ಇಂದಿನ ತಾಂಜಾನಿಯಾದ ಒಂದು ವಸತಿಶಾಲೆಯಲ್ಲಿ, 1962ರ ಜನವರಿ 30ರಂದು ಮೂವರು ಹುಡುಗಿಯರಿಗೆ ತಡೆಯಲಾರದ ನಗು, ಅಳು ಆರಂಭವಾಯಿತು. 159 ವಿದ್ಯಾರ್ಥಿನಿಯರಲ್ಲಿ 95 ಮಂದಿಗೆ ಅದು ಹಬ್ಬಿ, ಮಾರ್ಚ್ 18ರಂದು ಶಾಲೆಯನ್ನೇ ಮುಚ್ಚಬೇಕಾಯಿತು. ಪರೀಕ್ಷೆಗಳಲ್ಲಿ ಸೋಂಕಾಗಲಿ ವಿಷವಾಗಲಿ ಕಾಣಲಿಲ್ಲ. ಶಿಕ್ಷಕರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ! ಒತ್ತಡದ ಭಾರ ಯಾರ ಮೇಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಭಯದಿಂದ ಉಸಿರಾಟ ಬಿರುಸಾದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತಲೆ ತಿರುಗುತ್ತದೆ, ತುಟಿ ಜುಮುಗುಟ್ಟುತ್ತದೆ, ಬೆರಳು ಸೆಟೆಯುತ್ತವೆ. ಕಣ್ಣೆದುರು ಗೆಳತಿ ಬಿದ್ದುದನ್ನು ಕಂಡವಳಿಗೂ ಅದೇ ಆಗಬಹುದು. ಇದು ಶರೀರಧರ್ಮ; ಸೋಗಲ್ಲ. “ಏನೂ ಇಲ್ಲ” ಎನ್ನುವುದಕ್ಕಿಂತ “ಅಪಾಯವಿಲ್ಲ, ಇಳಿಯುತ್ತದೆ” ಎನ್ನುವುದೇ ಸತ್ಯಕ್ಕೆ ಹತ್ತಿರ.

ನನ್ನ ಶಿಷ್ಯರಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಹೀಗಾದಾಗ ಮೊದಲು ವೈದ್ಯರನ್ನು ಕರೆಸಿ; ಊಟ, ನೀರು, ಜ್ವರ ಎಲ್ಲವನ್ನೂ ನೋಡಲಿ. ಮಂಗನ ಕಾಯಿಲೆಯ ಸೀಮೆಯಲ್ಲಿ ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸುವುದೂ ತಪ್ಪೇ. ಏನೂ ಸಿಗದಿದ್ದರೆ ಗುಂಪು ಚದುರಿಸಿ, ಮಕ್ಕಳನ್ನು ಬೇರೆಬೇರೆಯಾಗಿ ಕೂರಿಸಿ, ಮೆಲ್ಲಗೆ ಉಸಿರಾಡಿಸಿ. ಮೊದಲು ಬಿದ್ದ ಮಗುವನ್ನು ಮಾತ್ರ, ಯಾರೂ ಇಲ್ಲದಾಗ, ಮನೆಯಲ್ಲಿ ಏನು ನಡೆದಿದೆಯೆಂದು ಕೇಳಿ. ಆ ಹುಡುಗಿಯ ಮನೆಯಲ್ಲಿ ಅದೇ ವಾರ ಮದುವೆಯ ಮಾತುಕತೆ ನಡೆದಿತ್ತೆಂಬುದು ನನಗೆ ಗೊತ್ತಾದದ್ದು, ಅವಳ ತಂದೆ ಲಗ್ನಪತ್ರಿಕೆ ಹಿಡಿದು ಶಾಲೆಗೆ ಬಂದಾಗ.