ಚಕ್ಕಡಿಗೆ ಆರು ಕಣ್ಣು, ಟ್ರ್ಯಾಕ್ಟರಿಗೆ ಎರಡೇ

ಜಾತ್ರೆಯ ದನದ ಪೇಟೆಯಲ್ಲಿ ಒಂದು ಎತ್ತು ಕೊಳ್ಳಬೇಕಾದರೆ ನಮ್ಮ ರೈತ ಬಾಂಧವರು ಅರ್ಧ ದಿನ ಕಳೆಯುತ್ತಾರೆ. ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಕೊನೆಗೆ ಕಣ್ಣ ಮುಂದೆ ಕೈ ಬೀಸಿ ಅದು ರೆಪ್ಪೆ ಬಡಿಯುವುದೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಅದೇ ರೈತರು ಲಕ್ಷಗಟ್ಟಲೆ ರೂಪಾಯಿಯ ಟ್ರ್ಯಾಕ್ಟರನ್ನೂ ಅದರ ಹಿಂದೆ ಎರಡು ಟ್ರಾಲಿ ಕಬ್ಬನ್ನೂ ಒಬ್ಬ ಹುಡುಗನ ಕೈಗೆ ಒಪ್ಪಿಸುವಾಗ ಅವನ ಕಣ್ಣು ಹೇಗಿದೆ ಎಂದು ಕೇಳುವುದಿಲ್ಲ. ಈ ತಪ್ಪು ನಮ್ಮಿಂದಲೂ ಆಗಿದೆ. ಆದುದರಿಂದಲೇ ಈ ನಾಲ್ಕು ಮಾತು.

ನಮ್ಮ ತಂದೆಯವರ ಕಾಲದಲ್ಲಿ ಸಂಜೆ ಸಂತೆಯಿಂದ ಚಕ್ಕಡಿ ಹೂಡಿದರೆ, ಹೊಡೆಯುವವನು ಹಗ್ಗ ಸಡಿಲಬಿಟ್ಟು ನಿದ್ದೆ ಹೋದರೂ ಎತ್ತುಗಳು ಮನೆ ಮುಟ್ಟಿಸುತ್ತಿದ್ದವು. ದಾರಿಯಲ್ಲಿ ಕಲ್ಲಿದ್ದರೆ ಅವೇ ಸರಿದು ನಡೆಯುತ್ತಿದ್ದವು, ಮಗುವೊಂದು ಅಡ್ಡ ಬಂದರೆ ಅವೇ ನಿಲ್ಲುತ್ತಿದ್ದವು. ಎತ್ತುಗಳವು ನಾಲ್ಕು ಕಣ್ಣು, ಹೊಡೆಯುವವನವು ಎರಡು; ಹೀಗೆ ಒಂದು ಚಕ್ಕಡಿಗೆ ಆರು ಕಣ್ಣು. ಇಂದು ಟ್ರ್ಯಾಕ್ಟರಿಗೆ ಇರುವವು ಎರಡೇ. ಆ ಎರಡರಲ್ಲಿ ಊನವಿದ್ದರೆ ತಡೆಯಲು ಮತ್ತೊಂದು ಜೀವ ಮುಂದೆ ಇಲ್ಲ. ದೀಪವು ದಾರಿಯನ್ನು ಬೆಳಗುತ್ತದೆಯೇ ಹೊರತು ಅದನ್ನು ನೋಡುವುದಿಲ್ಲ.

2023ರ ಡಿಸೆಂಬರಿನಲ್ಲಿ, ಕಬ್ಬಿನ ಹಂಗಾಮು ಭರದಲ್ಲಿದ್ದಾಗ, ನಮ್ಮ ಟ್ರ್ಯಾಕ್ಟರು ಕಾರಖಾನೆಗೆ ಕಬ್ಬು ಒಯ್ಯುತ್ತಿತ್ತು. ನಡೆಸುತ್ತಿದ್ದವನು ನಮ್ಮ ಅಕ್ಕನ ಮಗ, ಇಪ್ಪತ್ತನಾಲ್ಕರ ಹುಡುಗ. ಮುಸ್ಸಂಜೆಯ ಹೊತ್ತು. ಎಡಗಡೆಯ ಹೊಲದ ದಾರಿಯಿಂದ ಪಕ್ಕದೂರಿನ ಹಿರಿಯರೊಬ್ಬರು ಕಣಿಕೆ ಹೇರಿದ ಚಕ್ಕಡಿಯನ್ನು ರಸ್ತೆಗೆ ಏರಿಸುತ್ತಿದ್ದರು. ಹುಡುಗನಿಗೆ ಅದು ಕಾಣಲಿಲ್ಲ. ಒಂದು ಎತ್ತು ಅಲ್ಲಿಯೇ ಸತ್ತಿತು. ಹಿರಿಯರ ಹೆಗಲೆಲುಬು ಮುರಿಯಿತು. ಜನ ಕೂಡಿದರು. ಕುಡಿದಿದ್ದಾನೆ ಎಂದರು ಕೆಲವರು, ಮೊಬೈಲ್ ನೋಡುತ್ತಿದ್ದ ಎಂದರು ಕೆಲವರು. ಎರಡೂ ಸುಳ್ಳು. ಆ ರಾತ್ರಿ ಅವನು ನಮ್ಮ ಮುಂದೆ ಕುಳಿತು, "ಮಾಮಾ, ನನಗ ಎದುರಿನ ದಾರಿ ಸರೀ ಕಾಣತೈತಿ. ಬಾಜೂಕಿಂದು ಮಾತ್ರ ಏನೂ ತಿಳಿಯೂದಿಲ್ಲ" ಎಂದನು.

ಸೊಲ್ಲಾಪುರದ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಗೋಡೆಯ ಮೇಲಿನ ಅಕ್ಷರಗಳನ್ನು ಅವನು ಕಟ್ಟಕಡೆಯ ಸಾಲಿನವರೆಗೆ ತಡವರಿಸದೆ ಓದಿದನು. ನಮಗೆ ಸಮಾಧಾನವಾಯಿತು. ವೈದ್ಯರಿಗೆ ಆಗಲಿಲ್ಲ. ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖವಿಡಿಸಿ, ಅಲ್ಲಲ್ಲಿ ಮಿನುಗುವ ಸಣ್ಣ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಂದ ಚಿತ್ರದಲ್ಲಿ ನಡುವೆ ಒಂದು ಕಾಸಿನಷ್ಟು ಬಿಳಿ, ಸುತ್ತಲೂ ಕಪ್ಪು. ಬಾವಿಯ ತಳದಲ್ಲಿ ನಿಂತು ಮೇಲಿನ ಆಕಾಶ ನೋಡಿದಂತೆ ಅವನ ನೋಟ. ಕಣ್ಣಿನ ಒಳಪದರು ಅಂಚಿನ ಕಡೆಯಿಂದ ಸವೆಯುತ್ತ ಬರುವ ಈ ರೋಗಕ್ಕೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಹೆಸರು. ಮೊದಲ ಲಕ್ಷಣ ಇರುಳುಗುರುಡು. ಇದು ವಂಶದಿಂದ ಬರುವಂಥದು. ರಕ್ತಸಂಬಂಧದಲ್ಲಿ ಮದುವೆಯಾದಲ್ಲಿ ಇದರ ಸಂಭವ ಹೆಚ್ಚು. ನಮ್ಮ ಅಕ್ಕನನ್ನು ಕೊಟ್ಟದ್ದು ಸೋದರಮಾವನಿಗೇ.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಹುಡುಗ ನಾಲ್ಕನೆಯ ಇಯತ್ತೆಯಲ್ಲಿ ನಮ್ಮದೇ ವರ್ಗದಲ್ಲಿ ಕುಳಿತವನು. ಶಾಲೆಯ ಕೂಟದ ಸಂಜೆ ಹೊಸ್ತಿಲು ಎಡವಿ ಬೀಳುತ್ತಿದ್ದನು. ನಾವು "ಕಣ್ಣು ಎಲ್ಲಿಟ್ಟಿದ್ದೀಯೋ" ಎಂದು ಗದರಿಸಿದ್ದೆವು. ಶಿಕ್ಷಕರ ತರಬೇತಿ ಪಡೆದ ನಾವು ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದೆವು, ಉತ್ತರವನ್ನು ಹುಡುಕಲಿಲ್ಲ. ಅಕ್ಕನಿಗೆ ಅವನ ರಾತ್ರಿಯ ತೊಂದರೆ ಮೊದಲಿನಿಂದಲೂ ಗೊತ್ತಿತ್ತು. ಆಸ್ಪತ್ರೆಯಿಂದ ಬರುವಾಗ ಅವಳು ಹೇಳಿದ ಮಾತು: "ತಮ್ಮಾ, ಇದನ್ನ ಊರಾಗ ಹೇಳಬ್ಯಾಡ. ಹುಡುಗಗ ಹೆಣ್ಣು ಯಾರು ಕೊಡತಾರು?" ಅವಳನ್ನು ದೂಷಿಸುವ ಅಧಿಕಾರ ನಮಗಿಲ್ಲ. ಈಗ ಅವಳ ಮತ್ತು ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಹಾಗಾದರೆ ಅವನಿಗೆ ಲೈಸನ್ಸು ಸಿಕ್ಕಿದ್ದು ಹೇಗೆಂದು ವಾಚಕರು ಕೇಳಬಹುದು. ಕಾಯಿದೆಯಂತೆಯೇ ಸಿಕ್ಕಿತು. ಅರ್ಜಿಯ ಜೊತೆಗೆ ಫಾರ್ಮ್ 1 ಎಂಬ ಒಂದು ಸ್ವಯಂಘೋಷಣೆ ಇರುತ್ತದೆ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರು ದೂರದಿಂದ ಮೋಟಾರಿನ ನಂಬರ್ ಪ್ಲೇಟನ್ನು ಒಂದೊಂದು ಕಣ್ಣಿನಿಂದಲೂ ಗುರುತಿಸಬಲ್ಲಿರಾ? ಇರುಳುಗುರುಡು ಉಂಟೇ? ಹೀಗೆ ಪ್ರಶ್ನೆಗಳು. ಉತ್ತರ ಕೊಡುವವರು ನಾವೇ. ಬಾಡಿಗೆ ಸಾರಿಗೆಯ ವಾಹನಕ್ಕೆ ಮತ್ತು ನಲವತ್ತು ದಾಟಿದವರಿಗೆ ಮಾತ್ರ ವೈದ್ಯರ ಪ್ರಮಾಣಪತ್ರ, ಅಂದರೆ ಫಾರ್ಮ್ 1-ಎ, ಬೇಕು. ಒಕ್ಕಲುತನದ ಟ್ರ್ಯಾಕ್ಟರು ಕಾಯಿದೆಯ ಲೆಕ್ಕದಲ್ಲಿ ಸಾರಿಗೆ ವಾಹನವಲ್ಲ. ಆದಕಾರಣ ಇಪ್ಪತ್ತರ ಹರೆಯದವನಿಗೆ ಅವನ ಸಹಿಯೇ ಸಾಕ್ಷಿ. ನಮ್ಮ ಹುಡುಗನ ಅರ್ಜಿ ತುಂಬಿದ್ದು ಒಬ್ಬ ಏಜೆಂಟನು. ಅವನು ಮರಾಠಿಯಲ್ಲಿ ಏನೋ ಗಡಬಡಿಸಿ ಕೇಳಿದನು, ಹುಡುಗ ತಲೆ ಅಲ್ಲಾಡಿಸಿದನು, ಎಲ್ಲ ರೋಗಗಳಿಗೂ "ಇಲ್ಲ" ಎಂದು ಬಿತ್ತು. ಕನ್ನಡದಲ್ಲಿ ನಿಧಾನವಾಗಿ "ರಾತ್ರಿ ನಿನಗೆ ಕಣ್ಣು ಕಾಣುತ್ತದೇನಪ್ಪಾ?" ಎಂದು ಯಾರಾದರೂ ಕೇಳಿದ್ದರೆ ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ನಮ್ಮ ನಂಬಿಕೆ.

ಅದಕ್ಕಿಂತ ದೊಡ್ಡ ಕೊರತೆ ಪರೀಕ್ಷೆಯಲ್ಲಿಯೇ ಇದೆ. ಗೋಡೆಯ ಅಕ್ಷರ ಫಲಕವನ್ನು ಹಾಲೆಂಡಿನ ಸ್ನೆಲೆನ್ ಎಂಬ ವೈದ್ಯರು 1862ರಲ್ಲಿ ಮಾಡಿದರು. ಎದುರಿಗೆ ನಿಂತ, ಅಚ್ಚ ಕಪ್ಪಾದ, ಅಲುಗಾಡದ ಅಕ್ಷರವನ್ನು ಎಷ್ಟು ಸಣ್ಣದಿದ್ದರೂ ಓದಬಲ್ಲಿರಿ ಎಂಬುದನ್ನು ಅದು ಹೇಳುತ್ತದೆ. ಆದರೆ ರಸ್ತೆಯಲ್ಲಿ ಬರುವವು ಅಕ್ಷರಗಳಲ್ಲ. ಬದಿಯಿಂದ ಓಡಿ ಬರುವ ಕರು, ಮುಸ್ಸಂಜೆಯಲ್ಲಿ ಬೂದು ಕಂಬಳಿ ಹೊದ್ದ ಕುರುಬ, ಎದುರಿನ ಲಾರಿಯ ದೀಪದ ಹಿಂದೆ ಕಾಣದಾಗುವ ಸೈಕಲ್ಲು. ಇವನ್ನು ಕಾಣಲು ಬದಿಯ ನೋಟ ಬೇಕು, ಮಬ್ಬಿನಲ್ಲಿ ಮಬ್ಬನ್ನು ಬೇರ್ಪಡಿಸುವ ಶಕ್ತಿ ಬೇಕು, ಝಗಮಗಿಸಿದ ಕಣ್ಣು ಬೇಗ ತಿಳಿಯಾಗಬೇಕು. ಎಲ್ಲಕ್ಕೂ ಮಿಗಿಲಾಗಿ, ಕಣ್ಣಿಗೆ ಬಿದ್ದುದನ್ನು ಮನಸ್ಸು ಕೂಡಲೇ ಹಿಡಿಯಬೇಕು.

ಸಮಯ ಎಷ್ಟಿರುತ್ತದೆ ಎಂಬುದಕ್ಕೆ ಒಂದು ಶಾಲೆಯ ಲೆಕ್ಕ. ಗಂಟೆಗೆ 60 ಕಿಲೋಮೀಟರು ವೇಗದ ಮೋಟಾರ್ ಸೈಕಲ್ಲು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಕಂಡು, ತಿಳಿದು, ಬ್ರೇಕು ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರೊಳಗೆ 25 ಮೀಟರು ಹೋಯಿತು. ಒಣ ಡಾಂಬರು ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 20 ಮೀಟರು ಬೇಕು. ಅಂದರೆ ನಂಬರ್ ಪ್ಲೇಟು ಓದಿಸುವ ಆ 25 ಮೀಟರು ಬ್ರೇಕಿನ ಮೇಲೆ ಬೆರಳು ಬೀಳುವಷ್ಟರಲ್ಲಿಯೇ ಮುಗಿದುಹೋಗುತ್ತದೆ. ಅದೂ ಹಗಲು ಬೆಳಕಿನ ಮಾತು. ಕಬ್ಬು ಹೇರಿದ ಟ್ರ್ಯಾಕ್ಟರು ಮೆಲ್ಲಗೆ ಓಡುವುದು ನಿಜ, ಆದರೆ ಹಿಂದಿನ ಭಾರ ಅದನ್ನು ನೂಕುತ್ತಲೇ ಇರುತ್ತದೆ.

ನಮ್ಮ ಮಾತು ಬರಿಯ ಊಹೆಯಲ್ಲ. ಬೇರೆ ದೇಶಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಮೇರಿಕದ ಅಲಬಾಮಾದಲ್ಲಿ ಸಿಂಥಿಯಾ ಔಸ್ಲಿ, ಕಾರ್ಲೀನ್ ಬಾಲ್ ಮೊದಲಾದ ಸಂಶೋಧಕರು 55ರಿಂದ 87 ವಯಸ್ಸಿನ 294 ಚಾಲಕರನ್ನು ಪರೀಕ್ಷಿಸಿ, ಮುಂದೆ ಮೂರು ವರ್ಷ ಅವರ ಅಪಘಾತಗಳನ್ನು ಗಮನಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ನೋಟಕ್ಕೆ ಮನಸ್ಸಿಗೆ ನಿಲುಕುವ ಕ್ಷೇತ್ರವು ಯಾರಲ್ಲಿ ನೂರಕ್ಕೆ ನಲವತ್ತು ಅಥವಾ ಅದಕ್ಕೂ ಹೆಚ್ಚು ಕುಗ್ಗಿತ್ತೋ ಅವರಿಗೆ ಅಪಘಾತದ ಸಂಭವ 2.2 ಪಟ್ಟು ಇತ್ತು. 2002ರಲ್ಲಿ ಔಸ್ಲಿಯವರ ತಂಡವೇ ಮತ್ತೊಂದು ಸಂಗತಿ ತೋರಿಸಿತು: ಮೋತಿಬಿಂದು ತೆಗೆಸಿಕೊಂಡವರಿಗೆ ಆದ ಅಪಘಾತಗಳ ಪ್ರಮಾಣ, ತೆಗೆಸದೆ ಹಾಗೆಯೇ ನಡೆಸಿದವರ ಪ್ರಮಾಣದ ಅರ್ಧದಷ್ಟು ಮಾತ್ರ. ಯುರೋಪಿನ ಒಕ್ಕೂಟವು 2009ರ ತನ್ನ ನಿಯಮದಲ್ಲಿ ಸಾಮಾನ್ಯ ಚಾಲಕನ ನೋಟವು ಅಡ್ಡಡ್ಡಲಾಗಿ 120 ಡಿಗ್ರಿಯಾದರೂ ಹರಡಿರಬೇಕೆಂದು ಹೇಳಿದೆ. ನಮ್ಮ ಸ್ವಯಂಘೋಷಣೆಯಲ್ಲಿ ಬದಿಯ ನೋಟದ ಪ್ರಶ್ನೆಯೇ ಇಲ್ಲ.

ಕಾಯಿದೆ ಬದಲಾಗುವವರೆಗೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಊರಿನ ಶಾಲೆಯ ಅಂಗಳದಲ್ಲಿ ಮಾಡಬಹುದಾದ ಮೂರು ಪರೀಕ್ಷೆಗಳಿವೆ.

ಒಂದನೆಯದು: ಟೇಪು ಹಿಡಿದು 25 ಮೀಟರು ಅಳೆಯಿರಿ. ನಿಂತ ವಾಹನದ ನಂಬರನ್ನು ಒಂದು ಕಣ್ಣು ಮುಚ್ಚಿ ಓದಿಸಿರಿ, ಬಳಿಕ ಇನ್ನೊಂದು ಕಣ್ಣು ಮುಚ್ಚಿ ಓದಿಸಿರಿ. ಅಂಗೈಯಿಂದ ಹಗುರಾಗಿ ಮುಚ್ಚಬೇಕು, ಒತ್ತಬಾರದು. ಒಂದು ಕಣ್ಣು ಪೂರ್ತಿ ಮಂಜಾಗಿದ್ದರೂ ಅದನ್ನು ಅರಿಯದೆ ವರ್ಷಗಟ್ಟಲೆ ತಿರುಗಾಡುವವರು ಹೀಗೆಯೇ ಸಿಕ್ಕಿಬೀಳುತ್ತಾರೆ.

ಎರಡನೆಯದು: ಇಬ್ಬರು ಒಂದು ಮೀಟರು ಅಂತರದಲ್ಲಿ ಎದುರುಬದುರು ಕುಳಿತುಕೊಳ್ಳಿರಿ. ಪರೀಕ್ಷೆಗೆ ಕುಳಿತವನು ಬಲಗಣ್ಣು ಮುಚ್ಚಿದರೆ ಪರೀಕ್ಷಿಸುವವನು ತನ್ನ ಎಡಗಣ್ಣು ಮುಚ್ಚಬೇಕು. ಇಬ್ಬರೂ ಒಬ್ಬರ ತೆರೆದ ಕಣ್ಣನ್ನು ಇನ್ನೊಬ್ಬರು ದಿಟ್ಟಿಸಿರಬೇಕು. ಪರೀಕ್ಷಿಸುವವನು ಇಬ್ಬರ ನಡುವಿನ ದೂರದಲ್ಲಿ ಬೆರಳನ್ನು ಹೊರಗಿನಿಂದ ಒಳಕ್ಕೆ ಆಡಿಸುತ್ತ ತರಲಿ; ಮೇಲಿನಿಂದ, ಕೆಳಗಿನಿಂದ, ಎರಡೂ ಬದಿಯಿಂದ. ತನಗೆ ಕಂಡ ಬಹಳ ಹೊತ್ತಿನ ಮೇಲೆ ಎದುರಿನವನಿಗೆ ಕಂಡರೆ ಅಲ್ಲಿ ಸಂಶಯವಿದೆ. ನಮ್ಮ ಹುಡುಗನ ರೋಗವಷ್ಟೇ ಅಲ್ಲ, ನೋವಿಲ್ಲದೆ ಬದಿಯ ನೋಟವನ್ನು ತಿನ್ನುವ ಕಾಚಬಿಂದುವೂ ಮುಂದುವರಿದಿದ್ದರೆ ಹೀಗೆ ಸುಳಿವು ಕೊಡಬಹುದು.

ಮೂರನೆಯದು ಬರಿಯ ಪ್ರಶ್ನೆ. ಸಂಜೆಯ ಮೇಲೆ ಎಡವುತ್ತೀಯಾ? ಎದುರಿನ ದೀಪ ದಾಟಿದ ಮೇಲೆ ಬಹಳ ಹೊತ್ತು ಕತ್ತಲೆ ಕವಿಯುತ್ತದೆಯೇ? ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಒಳ್ಳೆಯ ಕಣ್ಣಿಗೂ ಇಪ್ಪತ್ತು ಮೂವತ್ತು ನಿಮಿಷ ಬೇಕು. ಆದರೆ ಜೊತೆಯವರಿಗೆ ಕಂಡದ್ದು ಒಬ್ಬನಿಗೇ ಕಾಣದಿದ್ದರೆ ಅದು ರೋಗ. ಈ ಪ್ರಶ್ನೆಯನ್ನು ತಾಯಿಗೂ ಹೆಂಡತಿಗೂ ಕೇಳಿರಿ. ಅವರಿಗೆ ನಿಜ ಗೊತ್ತಿರುತ್ತದೆ.

ಇವು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಇದರಲ್ಲಿ ಪಾರಾದವನ ಕಣ್ಣು ನಿರ್ದೋಷವೆಂದೂ ಅರ್ಥವಲ್ಲ. ತಡಮಾಡದೆ ಯಾರನ್ನು ಆಸ್ಪತ್ರೆಗೆ ಕಳಿಸಬೇಕೆಂದು ತಿಳಿಯಲು ಮಾತ್ರ ಇವು.

"ಕಣ್ಣು ತೋರಿಸಿದರೆ ಲೈಸನ್ಸು ಹೋಗುತ್ತದೆ, ಹೊಟ್ಟೆಗೆ ಏನು ಮಾಡೋಣ?" ಎಂಬ ಆಕ್ಷೇಪವುಂಟು. ಇದು ಹಗುರಾದ ಮಾತಲ್ಲ. ಆದರೆ ಬಹಳ ಜನರ ದೋಷ ಕನ್ನಡಕದಿಂದ ನೀಗುವಂಥದು. ಮೋತಿಬಿಂದುವಿಗೆ ಶಸ್ತ್ರಕ್ರಿಯೆ ಇದೆ. 1976ರಿಂದ ನಡೆದುಬಂದ ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಡವರಿಗೆ ಅದನ್ನು ಉಚಿತವಾಗಿ ಮಾಡುತ್ತಾರೆ. ಎ ಜೀವಸತ್ವದ ಕೊರತೆಯಿಂದ ಬಂದ ಇರುಳುಗುರುಡು ಔಷಧದಿಂದ ಗುಣವಾಗುತ್ತದೆ. ನುಗ್ಗೆಸೊಪ್ಪು ಹಿತ್ತಿಲಲ್ಲೇ ಇದೆ. ದೋಷವಿದ್ದವರನ್ನೆಲ್ಲ ಹೊರಗಿಡುವುದೇ ಕಾಯಿದೆಯ ಉದ್ದೇಶವೂ ಅಲ್ಲ: ಬಣ್ಣಗುರುಡು ಸ್ವಲ್ಪ ಅಥವಾ ಮಧ್ಯಮ ಪ್ರಮಾಣದಲ್ಲಿದ್ದವರಿಗೂ ಲೈಸನ್ಸು ಸಿಗುವಂತೆ 2020ರಲ್ಲಿ ನಿಯಮ ತಿದ್ದಿದರು. ನಿಜವಾಗಿ ಚಕ್ರ ಬಿಡಬೇಕಾದವರು ಕೆಲವರೇ. ಅವರಿಗೆ ಬೇರೆ ಕೆಲಸ ಹುಡುಕಿಕೊಡುವುದು ಮನೆಯವರ ಮತ್ತು ಊರವರ ಹೊಣೆ.

ನಮ್ಮ ಬೇಡಿಕೆ ಮೂರು. ಸ್ವಯಂಘೋಷಣೆಯ ಪ್ರಶ್ನೆಗಳನ್ನು ಅರ್ಜಿದಾರನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಗಡಿಯ ಈಚೆಯ ನಮ್ಮ ಹಳ್ಳಿಗಳಲ್ಲಿ ಆ ಭಾಷೆ ಕನ್ನಡ. ಕಬ್ಬು ಸಾಗಿಸುವ ಚಾಲಕರಿಗೆ, ವಯಸ್ಸು ಎಷ್ಟೇ ಇರಲಿ, ಬದಿಯ ನೋಟವನ್ನೂ ಮಬ್ಬಿನ ನೋಟವನ್ನೂ ವೈದ್ಯರು ಪರೀಕ್ಷಿಸಬೇಕು. ದಸರೆಯ ಹೊತ್ತಿಗೆ ಬಾಯ್ಲರಿಗೆ ಪೂಜೆ ಮಾಡುವ ಕಾರಖಾನೆಗಳು, ಅದೇ ವಾರ ತಮ್ಮ ಚಾಲಕರಿಗಾಗಿ ಒಂದು ಕಣ್ಣಿನ ಶಿಬಿರ ನಡೆಸಬೇಕು. ಬಾಯ್ಲರಿಗೆ ತಪಾಸಣೆ ಉಂಟು, ಅದಕ್ಕೆ ಕಬ್ಬು ಮುಟ್ಟಿಸುವ ಕಣ್ಣಿಗೆ ಬೇಡವೇ?

ನಮ್ಮ ಅಕ್ಕನ ಮಗ ಈಗ ಎಂಟು ಎಮ್ಮೆ ಸಾಕಿದ್ದಾನೆ. ಡೇರಿಗೆ ಹಾಲು ಒಯ್ಯುವುದು ಅವನ ತಮ್ಮ. ಅಂದು ಪೆಟ್ಟು ತಿಂದ ಹಿರಿಯರಿಗೆ ನಾವು ಎತ್ತಿನ ಬೆಲೆ ಕೊಟ್ಟೆವು. ಹೆಗಲು ಮೊದಲಿನಂತೆ ಆಗಲಿಲ್ಲ. ಆ ಎತ್ತಿನ ಜೋಡಿ ಮುರಿದು ಉಳಿದ ಒಂಟಿ ಎತ್ತನ್ನು ಅವರು ಮಾರಿದ ದಿನ ನಾವೂ ಪೇಟೆಯಲ್ಲಿದ್ದೆವು. ಕೊಳ್ಳಲು ಬಂದವನು ಅದರ ಕಣ್ಣ ಮುಂದೆ ಕೈ ಬೀಸಿ ನೋಡಿದನು. ನಮಗೆ ತಲೆ ಎತ್ತಲಾಗಲಿಲ್ಲ. ಬರುವ ಹಂಗಾಮಿಗೆ ಮೊದಲು, ರೈತ ಬಾಂಧವರೇ, ಚಾಲಕನನ್ನು ಒಮ್ಮೆ ಶಾಲೆಯ ಅಂಗಳಕ್ಕೆ ಕರೆದುಕೊಂಡು ಬನ್ನಿರಿ. ಟೇಪು ನಮ್ಮಲ್ಲಿದೆ.