ಬಿಸಿಬುಗ್ಗೆಯ ರಾತ್ರಿಪಾಳಿ

ಮುಂಗಾರು ಹಿಡಿಯುತ್ತಲೇ ನಮ್ಮ ರೈತರು ಯೂರಿಯಾ ಚೀಲಕ್ಕಾಗಿ ಸರದಿಯಲ್ಲಿ ನಿಲ್ಲುತ್ತಾರೆ. ತಲೆಯ ಮೇಲಿನ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದ್ದರೂ ಬೆಳೆಗೆ ಅದು ನೇರವಾಗಿ ದಕ್ಕದು. ಅದನ್ನು ಅಮೋನಿಯಾ ಆಗಿಸಲು ಕಾರ್ಖಾನೆಗಳಿಗೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ, ಅಪಾರ ಒತ್ತಡ, ಜೊತೆಗೆ ನೈಸರ್ಗಿಕ ಅನಿಲ ಬೇಕು.

ಇದೇ ಕಾರ್ಯವನ್ನು ಸದ್ದಿಲ್ಲದೆ ನಡೆಸುವ ಜೀವಿಗಳು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿವೆ. ಅಲ್ಲಿನ ಆಕ್ಟೋಪಸ್ ಬುಗ್ಗೆಯಿಂದ ಹರಿಯುವ, ಕೈಯಿಡಲಾಗದಷ್ಟು ಬಿಸಿಯಾದ ಸುಮಾರು 60 ಡಿಗ್ರಿಯ ನೀರಿನಲ್ಲಿ ಸೂಕ್ಷ್ಮಜೀವಿಗಳ ಚಾಪೆ ಹಾಸಿಕೊಂಡಿದೆ. ಅದರ ಮೇಲ್ಪದರದಲ್ಲಿ ವಾಸಿಸುವುದು ಸಿನೆಕೊಕಾಕಸ್ ಎಂಬ ನೀಲಿಹಸಿರು ಬ್ಯಾಕ್ಟೀರಿಯಾ. ಸಾರಜನಕವನ್ನು ಹಿಡಿಯುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ಹೊರಬಿಡುವುದೂ ಇದೇ ಬ್ಯಾಕ್ಟೀರಿಯಾ! ಒಂದೇ ಮನೆಯಲ್ಲಿ ಬೆಂಕಿಯನ್ನೂ ಹುಲ್ಲನ್ನೂ ಕೂಡಿಡುವ ಬಗೆ ಯಾವುದು?

ಕಾರ್ನೆಗಿ ಸಂಸ್ಥೆಯ ದೇವಕಿ ಭಾಯಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ನೀಡಿತು. ಹಗಲಿನಲ್ಲಿ ಈ ಜೀವಿ ಬಿಸಿಲುಂಡು ಸಕ್ಕರೆಯನ್ನು ಕೂಡಿಡುತ್ತದೆ. ಸಂಜೆ ಬೆಳಕು ಕುಂದಿ, ಚಾಪೆಯ ಜೀವಿಗಳ ಉಸಿರಾಟದಿಂದ ಆಮ್ಲಜನಕ ತೀರಿದ ಬಳಿಕ ಸಾರಜನಕ ಸ್ಥಿರೀಕರಣದ ವಂಶವಾಹಿಗಳು ಎಚ್ಚೆತ್ತುಕೊಳ್ಳುತ್ತವೆ. ಕೂಡಿಟ್ಟ ಸಕ್ಕರೆಯ ಹುದುಗುವಿಕೆಯೇ ಆಗ ಶಕ್ತಿಯ ಮೂಲ.

ಇಂಥ ವಂಶವಾಹಿಗಳನ್ನು ಭತ್ತಕ್ಕೆ ಸೇರಿಸಿಬಿಟ್ಟರೆ ಗೊಬ್ಬರದ ಚಿಂತೆ ಮುಗಿಯಿತೆಂದು ನನ್ನ ವೃತ್ತಿಬಾಂಧವರಲ್ಲಿ ಹಲವರು ಬಗೆಯುವುದುಂಟು. ಆ ಸಂಶೋಧನೆ ಬೇಡವೆಂದು ನಾನು ಹೇಳಲಾರೆ. ಆದರೆ ಇಲ್ಲಿ ದುಡಿಯುತ್ತಿರುವುದು ವಂಶವಾಹಿಯೊಂದೇ ಅಲ್ಲ. ನೆರೆಹೊರೆಯ ಜೀವಿಗಳು, ನೀರಿನ ಶಾಖ, ಹಗಲಿರುಳಿನ ಲಯ ಎಲ್ಲವೂ ಕೂಡಿ ದುಡಿಯುತ್ತಿವೆ. ಆ ತಾಣವೇ ಅಳಿದರೆ ಪಾಠ ಕಲಿಯುವುದು ಯಾರಿಂದ?

ತಾಣಗಳು ಅಳಿದದ್ದುಂಟು. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ಭೂಶಾಖದ ವಿದ್ಯುದಾಗಾರ ಆರಂಭವಾಯಿತು; ಮುಂದಿನ ವರ್ಷಗಳಲ್ಲಿ ಅಲ್ಲಿನ ಕಣಿವೆಯ ಚಿಲುಮೆಗಳು ಬತ್ತಿಹೋದವು. ನಮ್ಮ ಲಡಾಖಿನ ಪೂಗಾ ಕಣಿವೆಯಲ್ಲಿಯೂ ಅಂಥ ವಿದ್ಯುತ್ತಿಗಾಗಿ 2021ರಲ್ಲಿ ಒಪ್ಪಂದವಾಗಿದೆ. ಕಲ್ಲಿದ್ದಲಿಗಿಂತ ಅದು ಲೇಸೆಂಬುದನ್ನು ಒಪ್ಪೋಣ. ಆದರೂ ಕೊರೆಯುವ ಮುನ್ನ ಬುಗ್ಗೆಯ ಜೀವರಾಶಿಯ ಸಮಗ್ರ ದಾಖಲಾತಿ ನಡೆಯಬೇಕು. ಕೆಲವು ಬುಗ್ಗೆಗಳನ್ನಾದರೂ ಮುಟ್ಟದೆ ಬಿಡಬೇಕು. ಹುಲಿಗೆ, ಆನೆಗೆ ದನಿಗೂಡಿಸುವ ನಾವು ಕಣ್ಣಿಗೆ ಕಾಣದ ಈ ದುಡಿಮೆಗಾರರ ಪರವಾಗಿಯೂ ಒಂದು ಮಾತು ಆಡುವುದು ಬೇಡವೇ?