ರೆಫರ್ ಮಾಡುವ ಮುನ್ನ ಹತ್ತು ಆಂಪೂಲ್

ಬಿಪಿ ಏರಿ ಬಸುರಿಗೆ ಫಿಟ್ಸ್ ಬಂತೆಂದರೆ ಸಣ್ಣ ಆಸ್ಪತ್ರೆಗಳಲ್ಲಿ ಎಷ್ಟೋ ಸಲ ಮೊದಲು ಕೈ ಹೋಗುವುದು ರೆಫರ್ ಚೀಟಿಯ ಕಡೆಗೆ. 108ಕ್ಕೆ ಕರೆ, ಗಡಿಬಿಡಿಯ ಸ್ಟ್ರೆಚರ್, ಆಮೇಲೆ ಜಿಲ್ಲಾಸ್ಪತ್ರೆಯ ದಾರಿ. ಆ ದಾರಿಯಲ್ಲೇ ಎರಡನೇ ಫಿಟ್ಸ್ ಬರಬಹುದು, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ಸಾಲದೆ ಹೋಗಬಹುದು. ಆಂಬುಲೆನ್ಸ್ ಹೊರಡುವ ಮುಂಚೆಯೇ ಅವಳ ಮೈ ಸೇರಬೇಕಾದ ಔಷಧ ಮೆಗ್ನೀಸಿಯಂ ಸಲ್ಫೇಟ್.

ಇದು ಹೊಸದೂ ಅಲ್ಲ, ದುಬಾರಿಯೂ ಅಲ್ಲ. ನಮ್ಮಲ್ಲಿ ಸಿಗುವ 2 ಮಿ.ಲೀ. ಆಂಪೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಹತ್ತು ಆಂಪೂಲ್ ಒಡೆದು, ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಆಳವಾಗಿ ಚುಚ್ಚಿದರೆ ಮೊದಲ ಡೋಸ್ ಮುಗಿಯಿತು. ತಜ್ಞವೈದ್ಯರೇ ಬೇಕೆಂದಿಲ್ಲ, ಎಎನ್‌ಎಂಗಳೇ ಇದನ್ನು ಕೊಟ್ಟು ಕಳಿಸಬೇಕೆಂದು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲಿದೆ.

ಇಷ್ಟು ಸರಳ ಮದ್ದು ನೆಲೆಯೂರಲು ದಶಕಗಳೇ ಹಿಡಿದವು. ಅಮೆರಿಕದ ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಡಾ. ಪ್ರಿಚರ್ಡ್ 1950ರ ದಶಕದಿಂದಲೇ ಇದನ್ನು ಬಳಸುತ್ತಿದ್ದರು. ಭಾರತದ ಹೆರಿಗೆ ವಾರ್ಡುಗಳಲ್ಲಿ ಮಾತ್ರ ಬಹುಕಾಲ ನಡೆದದ್ದು ಮದ್ರಾಸಿನ ಡಾ. ಕೃಷ್ಣ ಮೆನನ್ ರೂಪಿಸಿದ ‘ಲೈಟಿಕ್ ಕಾಕ್‌ಟೇಲ್’: ಕ್ಲೋರ್‌ಪ್ರೊಮಜಿನ್, ಪ್ರೊಮೆಥಜಿನ್, ಪೆಥಿಡಿನ್‌ಗಳ ಮಿಶ್ರಣ. ತಾಯಿ ಮಂಪರಿಗೆ ಜಾರುತ್ತಿದ್ದಳು. ಬೇರೆಡೆ ಕೆಲವರು ಡಯಾಜೆಪಾಮ್ ನೆಚ್ಚಿದರು, ಕೆಲವರು ಫೆನಿಟಾಯಿನ್. ಯಾವುದು ಮೇಲು ಎಂಬ ಜಗಳ ಬಗೆಹರಿದದ್ದು 1995ರಲ್ಲಿ. ಭಾರತವೂ ಸೇರಿ ಒಂಬತ್ತು ದೇಶಗಳಲ್ಲಿ ನಡೆದ ಅಧ್ಯಯನ, ಮೆಗ್ನೀಸಿಯಂ ಪಡೆದವರಲ್ಲಿ ಫಿಟ್ಸ್ ಮರುಕಳಿಸುವುದು ಡಯಾಜೆಪಾಮ್‌ಗಿಂತ 52%, ಫೆನಿಟಾಯಿನ್‌ಗಿಂತ 67% ಕಡಿಮೆ ಎಂದು ತೋರಿಸಿತು. 2002ರ ‘ಮ್ಯಾಗ್‌ಪೈ’ ಅಧ್ಯಯನ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡಿತ್ತು. ಬಿಪಿ ಏರಿದ್ದರೂ ಇನ್ನೂ ಫಿಟ್ಸ್ ಬಾರದವರಿಗೆ ಮೊದಲೇ ಕೊಟ್ಟರೆ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂಬುದು ಅಲ್ಲಿ ಸಾಬೀತಾಯಿತು.

ಹಾಗಿದ್ದೂ ಕೈ ಹಿಂಜರಿಯುವುದೇಕೆ? ಭಯದಿಂದ. ಉಸಿರು ನಿಂತುಬಿಟ್ಟರೆ ಎಂಬ ಭಯ. ಅದು ಪೂರ್ತಿ ಸುಳ್ಳಲ್ಲ. ರಕ್ತದಲ್ಲಿ ಮೆಗ್ನೀಸಿಯಂ ವಿಪರೀತ ಏರಿದರೆ ಉಸಿರಾಟ ಕುಂದುತ್ತದೆ. ಆದರೆ ಅದಕ್ಕೂ ಮೊದಲೇ ಮುನ್ಸೂಚನೆ ಸಿಗುತ್ತದೆ: ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಚಿಮ್ಮುವುದಿಲ್ಲ. ಮುಂದಿನ ಡೋಸ್‌ಗೆ ಮುನ್ನ ಅದನ್ನು ನೋಡಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಇಳಿದಿಲ್ಲವೆಂದು ಎಣಿಸಬೇಕು, ಮೂತ್ರ ಸಾಕಷ್ಟು ಬರುತ್ತಿದೆಯೇ ಎಂದು ಅಳೆಯಬೇಕು. ಹೆಚ್ಚಾದರೆ ಇಳಿಸಲು ಕ್ಯಾಲ್ಸಿಯಂ ಗ್ಲುಕೊನೇಟ್ ಇದೆ. ಇದು ನರ್ಸ್ ಕಲಿಯಬಲ್ಲ ವಿದ್ಯೆ. ಕಲಿಸದೆ, ಧೈರ್ಯ ತುಂಬದೆ, ಏನಾದರೂ ಆದರೆ ಅವಳದೇ ತಪ್ಪು ಎನ್ನುವ ವ್ಯವಸ್ಥೆ ಇರುವತನಕ ಆಂಪೂಲ್‌ಗಳು ಕಪಾಟಿನಲ್ಲೇ ಉಳಿಯುತ್ತವೆ.

ಕರ್ನಾಟಕಕ್ಕೆ ಈ ಪಾಠ ದೂರದ್ದಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ‘ಕ್ಲಿಪ್’ ಎಂಬ ಪ್ರಯೋಗ ನಡೆದಿತ್ತು. ಮನೆಬಾಗಿಲಲ್ಲೇ ಬಸುರಿಯರ ಬಿಪಿ ನೋಡಿ, ಅಪಾಯ ಕಂಡರೆ ಮಿಥೈಲ್‌ಡೋಪಾ ಮಾತ್ರೆ, ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸುವ ಯೋಜನೆ ಅದು. ಆದರೆ ತಾಯಿ–ಮಕ್ಕಳ ಸಾವುನೋವು ಒಟ್ಟಾರೆ ಗಮನಾರ್ಹವಾಗಿ ತಗ್ಗಲಿಲ್ಲ. ಇಂಜೆಕ್ಷನ್ ಫಿಟ್ಸ್ ತಡೆಯುತ್ತದೆ, ಅಷ್ಟೇ. ಏರಿದ ಬಿಪಿ ಇಳಿಸಲು ಲ್ಯಾಬೆಟಲಾಲ್, ನಿಫೆಡಿಪಿನ್‌ನಂಥ ಮದ್ದು ಬೇರೆಯೇ ಬೇಕು, ಹೆರಿಗೆಯನ್ನೂ ಸಕಾಲದಲ್ಲಿ ಮಾಡಿಸಬೇಕು. ಆಶಾ ಕಾರ್ಯಕರ್ತೆ ಎಷ್ಟೇ ಬೇಗ ಕಳಿಸಿಕೊಟ್ಟರೂ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಅರಿವಳಿಕೆ ವೈದ್ಯರಿಲ್ಲದಿದ್ದರೆ, ರಕ್ತ ಸಿಗದಿದ್ದರೆ ಪ್ರಯೋಜನವೇನು?

ಹೆರಿಗೆಯಾಯಿತು, ಗಂಡಾಂತರ ಕಳೆಯಿತು ಎಂದುಕೊಳ್ಳುವಂತಿಲ್ಲ. ಮಗು ಹುಟ್ಟಿದ ಮೇಲೂ, ವಿಶೇಷವಾಗಿ ಮೊದಲ 48 ಗಂಟೆಗಳಲ್ಲಿ, ಕೆಲವೊಮ್ಮೆ ದಿನಗಳ ನಂತರವೂ ಫಿಟ್ಸ್ ಬರುತ್ತದೆ. ಹಳ್ಳಿಗಳಲ್ಲಿ ಅದನ್ನು ಬಾಣಂತಿ ಸನ್ನಿ ಎಂದು ಕೈಗೆ ಕಬ್ಬಿಣ ಕೊಟ್ಟು ಕೂರುವುದುಂಟು. ಆಸ್ಪತ್ರೆಯಿಂದ ಕಳಿಸುವಾಗ ಇನ್ನೊಮ್ಮೆ ಬಿಪಿ ನೋಡಬೇಕು. ತೀವ್ರ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಂಡರೆ ತಕ್ಷಣ ಕರೆತನ್ನಿ ಎಂಬ ಮಾತನ್ನು ಬಾಣಂತಿಗಷ್ಟೇ ಹೇಳಿದರೆ ಸಾಲದು, ಅವಳ ತಾಯಿಗೆ, ಅತ್ತೆಗೆ ಹೇಳಬೇಕು. ಬಾಣಂತನದ ಮನೆಯಲ್ಲಿ ಡಾಕ್ಟರ ಹತ್ತಿರ ಹೋಗುವುದೋ ಬೇಡವೋ ಎಂದು ತೀರ್ಮಾನಿಸುವವರು ಬಹುಪಾಲು ಅವರೇ.